ಮುಚ್ಚಿದ ಕಾರ್ಖಾನೆಯ ಮಣ್ಣಿನ ಕಥೆ



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾವು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವರು. ಬರವಣಿಗೆ ನಮ್ಮ ಕಸುಬಲ್ಲ. ಸಂಘದ ಹುಟ್ಟು ಬೆಳವಣಿಗೆ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆದಿದ್ದಾರೆ, ಅದನ್ನೇ ನಾವೂ ಬರೆದರೆ ಓದುವವರಿಗೆ ಬೇಸರ. ಆದ್ದರಿಂದ ಕಳೆದ ವರ್ಷ ನಮ್ಮ ಆಡಳಿತ ಮಂಡಳಿಯನ್ನೇ ಎರಡು ಪಾಲು ಮಾಡಿದ ಒಂದು ವಿಚಾರವನ್ನು ಹಿಡಿದುಕೊಂಡು, ಅದಕ್ಕೆ ಸಂಬಂಧಪಟ್ಟ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ವಿಚಾರ ನಿಮಗೆಲ್ಲ ಗೊತ್ತಿರುವುದೇ. ಕೆರೆಯ ಹಿಂಬದಿ, ಜೊಂಡು ಬೆಳೆದ ಜೌಗಿಗೆ ಹೊಂದಿಕೊಂಡ ಹಾಗೆ ಹಳೆ ಕಾರ್ಖಾನೆಯ ಜಾಗ ಇದೆಯಲ್ಲ, ಅದು. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಸಣ್ಣ ಕಾರ್ಖಾನೆ. ನಾವು ಹೈಸ್ಕೂಲಿಗೆ ಹೋಗುವಾಗ ಶುರುವಾಯಿತು, ಸಂಘ ಶುರುವಾಗಿ ನಾಲ್ಕೈದು ವರ್ಷಕ್ಕೆ ಬೀಗ ಬಿತ್ತು. ಈಗ ಜಾಗದ ವಾರಸುದಾರರು ಅಗ್ಗದ ದರಕ್ಕೆ ಸಂಘಕ್ಕೇ ಕೊಡ್ತೀವಿ ಅಂತ ಬಂದರು. ರಸ್ತೆ ಪಕ್ಕ, ನೀರಿನ ಅನುಕೂಲ. ಶೈತ್ಯಾಗಾರದ ಕಟ್ಟಡಕ್ಕೆ ಅರ್ಧ, ಮೇವಿನ ತಾಕಿಗೆ ಅರ್ಧ ಎಂದು ಲೆಕ್ಕ ಹಾಕಿದೆವು. ಮುಚ್ಚಿಡುವುದು ಯಾಕೆ, ಕೊಳ್ಳೋಣ ಎಂದು ಮೊದಲು ಕೈ ಎತ್ತಿದವರಲ್ಲಿ ನಾವೂ ಒಬ್ಬರು.

ಆಗ ನಮ್ಮ ಮಹಿಳಾ ನಿರ್ದೇಶಕರೊಬ್ಬರು ಒಂದೇ ಒಂದು ಮಾತು ಕೇಳಿದರು: "ಇಪ್ಪತ್ತು ವರ್ಷ ಆಯ್ತು ಬೀಗ ಹಾಕಿ. ಕಾಂಪೌಂಡ್ ಆಚೆ ಲಂಟಾನ ಆಳೆತ್ತರ ಬೆಳೆದಿದೆ. ಒಳಗಡೆ ಒಲೆ ಇದ್ದ ಕಡೆ ಯಾಕೆ ಗರಿಕೇನೂ ಹುಟ್ಟಿಲ್ಲ?"

ಉತ್ತರ ಯಾರಲ್ಲೂ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕ ಚರಿತ್ರೆ ಇದು.

ಬೆಟ್ಟದ ಮೇಲಿನ ಥರ್ಮಾಮೀಟರ್ ಕಾರ್ಖಾನೆ

ಸಂಘದಿಂದ ಪಳನಿ, ಕೊಡೈಕೆನಾಲ್ ಪ್ರವಾಸ ಹೋಗಿದ್ದು ಹಲವರಿಗೆ ನೆನಪಿರಬಹುದು. ಕೆರೆಯಲ್ಲಿ ದೋಣಿ ಹತ್ತಿ ಫೋಟೊ ತೆಗೆಸಿಕೊಂಡೆವು. ಆ ಕೆರೆಯನ್ನು 1863ರಲ್ಲಿ ಲೆವಿಂಜ್ ಎಂಬ ಇಂಗ್ಲಿಷ್ ಅಧಿಕಾರಿ ಕಟ್ಟಿಸಿದ್ದು ಎಂದು ಗೈಡು ಹೇಳಿದ. ಆದರೆ ಅದೇ ಊರಿನಲ್ಲಿ ಮುಚ್ಚಿದ ಕಾರ್ಖಾನೆಯೊಂದು ಇದೆ, ಅದರ ಮಣ್ಣಿಗಾಗಿ ಒಂದು ತಲೆಮಾರು ಹೋರಾಡಿದೆ ಎಂಬುದನ್ನು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

1983ರಲ್ಲಿ ಪಾಂಡ್ಸ್ ಕಂಪನಿಯವರು ಅಲ್ಲಿ ಜ್ವರ ನೋಡುವ ಥರ್ಮಾಮೀಟರ್ ಕಾರ್ಖಾನೆ ಹಾಕಿದರು. ಯಂತ್ರಗಳು ಹೊಸವಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬ ಊರಿನಲ್ಲಿ ನಡೆಯುತ್ತಿದ್ದ ಕಾರ್ಖಾನೆಯನ್ನೇ ಕಿತ್ತು ಇಲ್ಲಿಗೆ ತಂದದ್ದು. ಪಾದರಸ ಹೊರದೇಶದಿಂದ ಬರುತ್ತಿತ್ತು, ತಯಾರಾದ ಥರ್ಮಾಮೀಟರ್ ಹೊರದೇಶಕ್ಕೆ ಹೋಗುತ್ತಿತ್ತು. ನಮ್ಮ ದೇಶದಲ್ಲಿ ಉಳಿಯುತ್ತಿದ್ದದ್ದು ಕೂಲಿ ಮತ್ತು ಕಸ. 1987ರಲ್ಲಿ ಮೂಲ ಕಂಪನಿಯನ್ನು ಯೂನಿಲಿವರ್‌ನವರು ಕೊಂಡರು, ಮುಂದೆ 1998ರಲ್ಲಿ ಅದು ಹಿಂದೂಸ್ತಾನ್ ಲಿವರ್ ಜೊತೆ ಸೇರಿತು.

ಊರಿನವರಿಗೆ ಸಂತೋಷವೇ ಆಗಿತ್ತು. ಬೆಟ್ಟದ ಮೇಲೆ ಪ್ರವಾಸಿಗರನ್ನು ಬಿಟ್ಟರೆ ಬೇರೆ ಕೆಲಸ ಇಲ್ಲ. ಕಾರ್ಖಾನೆ ಎಂದರೆ ಖಾಯಂ ಸಂಬಳ, ಸಮವಸ್ತ್ರ. ಇದನ್ನು ನಾವು ಹೀಗಳೆಯುವುದಿಲ್ಲ. ನಮ್ಮೂರಿನ ಕಾರ್ಖಾನೆಗೂ ಹತ್ತು ಹದಿನೈದು ಹುಡುಗರು ಹೋಗುತ್ತಿದ್ದರು. ಸಂಘದ ಉದ್ಘಾಟನೆಗೆ ಬಂದ ಗೋಡೆ ಗಡಿಯಾರ ಆ ಕಾರ್ಖಾನೆಯ ಕೊಡುಗೆ. ಇವತ್ತಿಗೂ ಅದರಲ್ಲೇ ಟೈಂ ನೋಡಿ ಹಾಲು ಅಳೆಯುತ್ತೇವೆ.

ಪಾದರಸದ ಗುಣ ಏನೆಂದರೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ, ನೀರಿನ ಹಾಗೆ ಓಡುತ್ತದೆ. ಕೈಗೆ ಸಿಕ್ಕದು. ಬೆಂಕಿ ಬೇಕಿಲ್ಲ, ಸಾಮಾನ್ಯ ಕೋಣೆಯ ಹವೆಯಲ್ಲೇ ಸ್ವಲ್ಪಸ್ವಲ್ಪ ಆವಿಯಾಗುತ್ತಾ ಇರುತ್ತದೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಹೋದರೆ ನರಕ್ಕೂ ಮೂತ್ರಪಿಂಡಕ್ಕೂ ಹೊಡೆತ. ಕೈ ನಡುಗುವುದು, ಮರೆವು, ವಸಡು ಊದುವುದು ಇದರ ಗುರುತುಗಳು.

ಗುಜರಿ ಅಂಗಡಿಯಲ್ಲಿ ಹೊರಬಿದ್ದ ಗುಟ್ಟು

ಕಾರ್ಖಾನೆಯಲ್ಲಿ ಒಡೆದ ಥರ್ಮಾಮೀಟರ್ ಗಾಜು ರಾಶಿ ಬೀಳುತ್ತಿತ್ತು. ಅದಕ್ಕೆ ಪಾದರಸ ಅಂಟಿಕೊಂಡಿರುತ್ತಿತ್ತು. 2001ರ ಮಾರ್ಚ್ ತಿಂಗಳಲ್ಲಿ ಕೊಡೈಕೆನಾಲ್‌ನ ಮೂಂಜಿಕ್ಕಲ್ ಬಜಾರಿನ ಗುಜರಿ ಅಂಗಡಿಯೊಂದರಲ್ಲಿ ಇಂಥ ಗಾಜು ಟನ್‌ಗಟ್ಟಲೆ ಹರಿದ ಚೀಲಗಳಲ್ಲಿ ಬಿದ್ದಿರುವುದನ್ನು ಸ್ಥಳೀಯರು, ಪಳನಿ ಬೆಟ್ಟ ಸಂರಕ್ಷಣಾ ಮಂಡಳಿಯವರು, ಗ್ರೀನ್‌ಪೀಸ್ ಸಂಸ್ಥೆಯವರು ಸೇರಿ ಬಯಲಿಗೆ ತಂದರು. ಹತ್ತಿರದಲ್ಲೇ ಮಕ್ಕಳ ಶಾಲೆ. ದೊಡ್ಡ ಗಲಾಟೆ ಆಯಿತು. ಮರುದಿನವೇ ಕಂಪನಿ ಕೆಲಸ ನಿಲ್ಲಿಸಿತು, ಅದೇ ವರ್ಷ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳುವುದು ಸಹಜ. ನಿಜ ಹೇಳಬೇಕೆಂದರೆ ಕಥೆ ಶುರುವಾಗುವುದೇ ಇಲ್ಲಿಂದ. ಬಾಗಿಲಿಗೆ ಬೀಗ ಹಾಕಬಹುದು, ಮಣ್ಣಿಗೆ ಬೀಗ ಹಾಕಲಾಗದು.

ಆ ಕಾರ್ಖಾನೆ ಇದ್ದದ್ದು ಬೆಟ್ಟದ ಏಣಿನ ಮೇಲೆ. ಅದರ ಕೆಳಗೆ ಪಾಂಬಾರ್ ಶೋಲಾ ಕಾಡು. ಶೋಲಾ ಎಂದರೆ ಬೆಟ್ಟದ ಮಡಿಕೆಗಳಲ್ಲಿ ದಟ್ಟವಾಗಿ ಬೆಳೆದು ಮಳೆ ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟು ವರ್ಷವಿಡೀ ತೊಟ್ಟಿಕ್ಕಿಸುವ ಕಾಡು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿ ಕಡೆಯೂ ಇಂಥ ಕಾಡಿದೆ. ಪಾಂಬಾರ್ ತೊರೆ ಬೆಟ್ಟ ಇಳಿದು ಪೆರಿಯಕುಳಂ ಹತ್ತಿರ ಕುಂಬಕ್ಕರೈ ಜಲಪಾತವಾಗಿ ಬಿದ್ದು ಬಯಲಿಗೆ ಹೋಗುತ್ತದೆ, ಮುಂದೆ ವೈಗೈ ನದಿ ಸೇರುತ್ತದೆ. ಆ ಥೇಣಿ ಜಿಲ್ಲೆಯಲ್ಲೇ ಕಂಬಂ ಕಡೆ ಇವತ್ತಿಗೂ ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮಕ್ಕಳಿದ್ದಾರೆ. ಬೆಟ್ಟದ ತಲೆಯ ಮೇಲೆ ಚೆಲ್ಲಿದ್ದು ಕಾಲಬುಡಕ್ಕೆ ಬಂದೇ ಬರುತ್ತದೆ ಎಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ.

ನೀರೊಂದೇ ದಾರಿಯಲ್ಲ. ಅಣುಶಕ್ತಿ ಇಲಾಖೆಗೆ ಸೇರಿದ ಹೈದರಾಬಾದಿನ ಪ್ರಯೋಗಾಲಯದ ವಿಜ್ಞಾನಿಗಳು ಕೊಡೈ ಕೆರೆಯ ನೀರು, ಹೂಳು, ಮೀನು ಮತ್ತು ಮರದ ಮೇಲಿನ ಪಾಚಿ ಪರೀಕ್ಷಿಸಿ ವರದಿ ಪ್ರಕಟಿಸಿದರು. ಎಲ್ಲದರಲ್ಲೂ ಪಾದರಸ ಸಿಕ್ಕಿತ್ತು. ನಾವು ಬೆಳಿಗ್ಗೆ ದೋಣಿ ಹತ್ತಿದ ಕೆರೆ ಅದೇ.

ಅಳೆದು, ತೊಳೆದು, ಕಾಯಿಸಿ

ಶುದ್ಧೀಕರಣ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ "ನಾಲ್ಕು ಟಿಪ್ಪರ್ ಕೆಮ್ಮಣ್ಣು ಹೊಡೆಸಿದ್ರೆ ಆಯ್ತಪ್ಪ" ಎಂದು ನಮ್ಮ ಸಭೆಯಲ್ಲಿ ಮಾತು ಬಂದಿತ್ತು.

ಮೊದಲ ಹಂತ, ಕಣ್ಣಿಗೆ ಕಾಣುವ ಕಸ. 2003ರಲ್ಲಿ ಗಾಜಿನ ಚೂರು, ಅರ್ಧ ತಯಾರಾದ ಥರ್ಮಾಮೀಟರ್, ಪಾದರಸ ಮೆತ್ತಿದ ಸಾಮಾನು ಎಲ್ಲ ಸೇರಿ ಸುಮಾರು 290 ಟನ್ ಸರಕನ್ನು ತೂತುಕುಡಿ ಬಂದರಿನಿಂದ ಹಡಗಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಪಾದರಸ ಸಂಸ್ಕರಣಾ ಘಟಕಕ್ಕೆ ಕಳಿಸಿದರು. ಬಡ ದೇಶದ ಕಡೆ ಬಂದ ವಿಷ ತಿರುಗಿ ಶ್ರೀಮಂತ ದೇಶಕ್ಕೆ ಹೋದ ಅಪರೂಪದ ಉದಾಹರಣೆ ಇದು. ಊರಿನ ಜನ ಪಟ್ಟು ಹಿಡಿಯದೆ ಇದ್ದಿದ್ದರೆ ಆಗುತ್ತಿರಲಿಲ್ಲ. 2006ರಲ್ಲಿ ಯಂತ್ರಗಳನ್ನು ಶುದ್ಧ ಮಾಡಿ ಗುಜರಿಗೆ ಹಾಕಿದರು.

ಎರಡನೇ ಹಂತ, ಕಣ್ಣಿಗೆ ಕಾಣದ ಮಣ್ಣು. ಇದೇ ಕಷ್ಟದ್ದು. ಪಾದರಸ ಹೆಚ್ಚಾಗಿ ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಅಗೆದು, ರಾಗಿ ಕೇರಿ ಕಲ್ಲು ಬೇರೆ ಮಾಡಿದ ಹಾಗೆ ಜರಡಿ ಹಿಡಿದು, ನೀರಲ್ಲಿ ತೊಳೆದು ದಪ್ಪ ಮರಳು ಬೇರೆ, ಸಣ್ಣ ಕೆಸರು ಬೇರೆ ಮಾಡಬೇಕು. ವಿಷ ಸೇರಿದ ಸಣ್ಣ ಮಣ್ಣನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಏಳುತ್ತದೆ. ಬಟ್ಟಿ ಇಳಿಸಿದ ಹಾಗೆ ಆ ಆವಿಯನ್ನು ತಣ್ಣಗೆ ಮಾಡಿ ಹಿಡಿದುಕೊಳ್ಳಬೇಕು. ತೊಳೆದ ನೀರನ್ನೂ ಹೊರಕ್ಕೆ ಬಿಡುವ ಹಾಗಿಲ್ಲ. ಇಷ್ಟೆಲ್ಲ ನಡೆಯುವಾಗ ಮಳೆ ಬಂದು ಅಗೆದ ಮಣ್ಣು ಕಾಡಿಗೆ ಹರಿಯದಂತೆ ಅಡ್ಡಗಟ್ಟೆ, ಹೂಳು ಗುಂಡಿ ಕಟ್ಟಬೇಕು.

ಜಗಳ ಬಿದ್ದದ್ದು ಅಳತೆಯಲ್ಲಿ. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯುವ ಮಟ್ಟಕ್ಕೆ ಶುದ್ಧ ಮಾಡಿದರೆ ಸಾಕು ಎಂದು ಕಂಪನಿಗೆ ಒಪ್ಪಿಗೆ ಸಿಕ್ಕಿತು. ಇದು ವಾಸದ ಜಾಗಕ್ಕೆ ಹಾಕುವ ಲೆಕ್ಕ, ಕೆಳಗೆ ಕಾಡಿದೆ, ತೊರೆ ಇದೆ, ಮೀನಿದೆ, ಆದ್ದರಿಂದ ಇನ್ನೂ ಬಿಗಿಯಾದ ಅಳತೆ ಬೇಕು ಎಂದು ಊರಿನ ಹೋರಾಟಗಾರರು ವಾದಿಸಿದರು. ಅಷ್ಟು ಬಿಗಿ ಮಾಡಿದರೆ ಮರಗಳನ್ನು ಕಡಿಯಬೇಕಾಗುತ್ತದೆ, ಇಳಿಜಾರು ಅಗೆದರೆ ಮಣ್ಣು ಕೊಚ್ಚಿಹೋಗುತ್ತದೆ ಎಂದು ಕಂಪನಿಯವರು ಹೇಳಿದರು. ಎರಡು ಮಾತಿನಲ್ಲೂ ಹುರುಳಿದೆ. ವಿಷ ತೆಗೆಯುವುದಕ್ಕೆ ಹೋಗಿ ವಿಷವನ್ನೇ ಕೆದಕಿ ಕೆಳಗೆ ಬಿಡುವ ಅಪಾಯ ಇದ್ದೇ ಇದೆ. ಹಾಗಂತ ಅಪಾಯದ ನೆಪ ಹೇಳಿ ಕೆಲಸ ಕಡಿಮೆ ಮಾಡುವುದೂ ಸುಲಭ. ವಿಚಾರ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮಣ್ಣು ತೊಳೆಯುವ ಪ್ರಾಯೋಗಿಕ ಕೆಲಸ ನಡೆದದ್ದೇ 2017ರಲ್ಲಿ. ಅಂದರೆ ಕಾರ್ಖಾನೆ ಮುಚ್ಚಿ 16 ವರ್ಷದ ಮೇಲೆ. ಕಾರ್ಖಾನೆ ನಡೆದದ್ದು 18 ವರ್ಷ.

ಕೆಲಸಗಾರರ ಕಥೆಯೂ ಅಷ್ಟೇ ದೀರ್ಘ. ಮೂತ್ರಪಿಂಡದ ಕಾಯಿಲೆ, ನರದ ಕಾಯಿಲೆ ನಮಗೆ ಕಾರ್ಖಾನೆಯಿಂದಲೇ ಬಂತು ಎಂದು ಅವರು ಮದ್ರಾಸ್ ಹೈಕೋರ್ಟಿಗೆ ಹೋದರು. ಕಾರ್ಖಾನೆಗೂ ಕಾಯಿಲೆಗೂ ಸಂಬಂಧ ಇಲ್ಲ ಎಂಬುದು ಕಂಪನಿಯ ವಾದ. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಎಂಬ ಯುವತಿ ಈ ವಿಷಯದ ಮೇಲೆ ಹಾಡು ಮಾಡಿ ಹಾಡಿದಳು, ಅದು ಪ್ರಪಂಚದಾದ್ಯಂತ ಲಕ್ಷಾಂತರ ಜನರ ಕಿವಿಗೆ ಬಿತ್ತು. 2016ರ ಮಾರ್ಚ್‌ನಲ್ಲಿ 591 ಜನ ಮಾಜಿ ಕೆಲಸಗಾರರ ಜೊತೆ ಕಂಪನಿ ರಾಜಿ ಒಪ್ಪಂದ ಮಾಡಿಕೊಂಡಿತು. ಹದಿನೈದು ವರ್ಷ ವಕೀಲರು, ವಿಜ್ಞಾನಿಗಳು ಹೇಳಿದ್ದು ಮುಟ್ಟದ ಕಡೆಗೆ ಒಂದು ಹಾಡು ಮುಟ್ಟಿತು.

ಜೌಗಿನ ಗುಣ

ಈಗ ಜೌಗಿನ ವಿಚಾರಕ್ಕೆ ಬರೋಣ. ನಮ್ಮ ಕಾರ್ಖಾನೆ ಜಾಗದ ಪಕ್ಕದಲ್ಲಿರುವುದು ಅದೇ ತಾನೆ.

ಕೆರೆಯ ಹಿಂಬದಿಯ ಜೊಂಡು, ಆಪು, ಕೆಸರು ಎಲ್ಲ ಸೇರಿ ಬರುವ ನೀರನ್ನು ಸೋಸುತ್ತವೆ. ಅದರಿಂದಲೇ ಕೆರೆ ನೀರು ತಿಳಿಯಾಗಿರುತ್ತದೆ. ಸೋಸುವುದು ಎಂದರೆ ಕೊಳೆಯನ್ನು ತನ್ನಲ್ಲಿ ಇಟ್ಟುಕೊಳ್ಳುವುದು. ಕಾಫಿ ಸೋಸಿದ ಬಟ್ಟೆಯಲ್ಲಿ ಗಷ್ಟು ಉಳಿದ ಹಾಗೆ ಜೌಗಿನಲ್ಲಿ ವಿಷ ಉಳಿಯುತ್ತದೆ. ಮೇಲಿಂದ ನೋಡಿದರೆ ಹಚ್ಚಗೆ, ಕೊಕ್ಕರೆ, ನೀರುಕೋಳಿ, ಚೆಂದವಾಗಿ ಕಾಣುತ್ತದೆ.

ಪಾದರಸದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಗಾಳಿ ಆಡದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಎಂಬ ಬೇರೆಯೇ ರೂಪಕ್ಕೆ ತಿರುಗಿಸುತ್ತವೆ. ಇದು ಮೊದಲಿನದಕ್ಕಿಂತ ಘೋರ. ಹುಳ ತಿನ್ನುತ್ತದೆ, ಹುಳವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು, ಅದನ್ನು ನಾವು. ಒಂದೊಂದು ಮೆಟ್ಟಿಲಿಗೂ ವಿಷ ಸಾಂದ್ರವಾಗುತ್ತಾ ಹೋಗುತ್ತದೆ.

ಇದನ್ನು ಲೋಕಕ್ಕೆ ಕಲಿಸಿದ ಊರು ಜಪಾನಿನ ಮಿನಮಾಟ. ಅಲ್ಲಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ಕೊಳೆಯನ್ನು ಕೊಲ್ಲಿಗೆ ಬಿಟ್ಟಿತು. ಮೊದಲು ಮೀನು ತಿಂದ ಬೆಕ್ಕುಗಳು ಕುಣಿದು ಕುಣಿದು ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ತಾಯಿಗೆ ಏನೂ ಕಾಣದೆ ಇದ್ದರೂ ಹೊಟ್ಟೆಯಲ್ಲಿದ್ದ ಮಗುವಿಗೆ ಏಟು ಬಿದ್ದಿತ್ತು. ಕೊಲ್ಲಿಯ ಕೆಸರು ಎತ್ತುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಸುಮಾರು 15 ಲಕ್ಷ ಘನ ಮೀಟರ್ ಕೆಸರು. ಅದನ್ನು ಕೊಲ್ಲಿಯ ಒಂದು ಭಾಗದಲ್ಲೇ ಗೋಡೆ ಕಟ್ಟಿ ತುಂಬಿ ಮುಚ್ಚಿ 58 ಹೆಕ್ಟೇರ್ ಹೊಸ ನೆಲ ಮಾಡಿದರು. ವಿಷದ ಮೀನು ಹೊರಗೆ ಹೋಗದಂತೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ. ಅಷ್ಟು ಹಣ, ಅಷ್ಟು ತಂತ್ರ ಇದ್ದ ದೇಶಕ್ಕೂ ವಿಷವನ್ನು ಇಲ್ಲವಾಗಿಸಲು ಆಗಲಿಲ್ಲ. ಒಂದು ಕಡೆ ಕೂಡಿಹಾಕಿ ಕಾವಲು ಕಾಯುವುದಷ್ಟೇ ಆಯಿತು. ಪಾದರಸದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಪಾದರಸ ನಮಗೇನು ಎನ್ನಬೇಡಿ. ನಮ್ಮ ಅಪ್ಪಂದಿರ ಕಾಲದಲ್ಲಿ ಬೀಜೋಪಚಾರಕ್ಕೆ ಪಾದರಸದ ಪುಡಿಯನ್ನೇ ಬಳಸುತ್ತಿದ್ದರು. ಬಿತ್ತನೆ ಜೋಳಕ್ಕೆ ಬರಿಗೈಯಲ್ಲಿ ಕಲಸಿ, ಅದೇ ಕೈ ಒರೆಸಿಕೊಂಡು ಬೀಡಿ ಹಚ್ಚುತ್ತಿದ್ದದ್ದನ್ನು ನಾವೇ ಕಂಡಿದ್ದೇವೆ. ಗೊತ್ತಿಲ್ಲದೆ ಮಾಡಿದ್ದು ಬೇರೆ. ಗೊತ್ತಾದ ಮೇಲೂ ಮಾಡುವುದು ಬೇರೆ.

ಬಿಛ್ರಿ ಎಂಬ ಹಳ್ಳಿಯ ಬಾವಿಗಳು

ಕೊಡೈಕೆನಾಲ್ ದೊಡ್ಡ ಊರು, ಹೆಸರುವಾಸಿ ಕಂಪನಿ, ಅದಕ್ಕೇ ಸುದ್ದಿಯಾಯಿತು ಎನ್ನಬಹುದು. ಹಳ್ಳಿಯ ಉದಾಹರಣೆ ಬೇಕಾದರೆ ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಇದೆ. ಅಲ್ಲಿ 1988ರಲ್ಲಿ ಬಟ್ಟೆ ಬಣ್ಣಕ್ಕೆ ಬೇಕಾಗುವ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸಲು ಶುರು ಮಾಡಿದರು. ಬರಿಯ 375 ಟನ್ ಮಾಲು ತಯಾರಾಯಿತು, ಅದರಿಂದ 2,400 ಟನ್ನಿಗೂ ಮಿಕ್ಕಿ ವಿಷದ ಕೆಸರು ಉಳಿಯಿತು. ಒಂದು ಚೀಲ ರಾಗಿಗೆ ಆರು ಚೀಲಕ್ಕಿಂತ ಹೆಚ್ಚು ಹೊಟ್ಟು ಬಂದ ಹಾಗೆ. ಅದನ್ನು ಬಯಲಲ್ಲೇ ಸುರಿದರು. ಮಳೆಗೆ ಕರಗಿ ಭೂಮಿಗೆ ಇಳಿಯಿತು, ಬಾವಿಗಳ ನೀರು ಬಣ್ಣಕ್ಕೆ ತಿರುಗಿತು. ಕುಡಿಯಲೂ ಆಗದು, ಗದ್ದೆಗೆ ಹಾಯಿಸಲೂ ಆಗದು.

ಒಂದೆರಡು ವರ್ಷದ ಒಳಗೆ ಆ ತಯಾರಿಕೆ ನಿಂತಿತು. ಆದರೆ ಬಾವಿಗಳು ಸರಿಹೋಗಲಿಲ್ಲ. 1996ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ತೀರ್ಪು ಕೊಟ್ಟಿತು: ಕೊಳೆ ಮಾಡಿದವನೇ ಕೊಳೆ ತೆಗೆಯುವ ಖರ್ಚು ಕೊಡಬೇಕು. ನಮ್ಮ ಕಡೆ ಹೇಳುವ 'ಮಾಡಿದ್ದುಣ್ಣೋ ಮಹರಾಯ' ಎಂಬ ಮಾತನ್ನೇ ನ್ಯಾಯಾಲಯ ಕಾನೂನು ಮಾಡಿತು. ಶುದ್ಧೀಕರಣಕ್ಕೆ 37 ಕೋಟಿ 38.5 ಲಕ್ಷ ರೂಪಾಯಿ ಬೇಕೆಂದು ನಾಗಪುರದ ನೀರಿ ಸಂಸ್ಥೆ ಅಂದಾಜು ಮಾಡಿತು. ಕಂಪನಿಗಳು ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಹಣವನ್ನು ಚಕ್ರಬಡ್ಡಿ ಸಮೇತ ಕಟ್ಟಬೇಕೆಂದು ಹೇಳಿತು. ಕಾರ್ಖಾನೆ ನಡೆದದ್ದು ತಿಂಗಳುಗಳ ಲೆಕ್ಕದಲ್ಲಿ, ವ್ಯಾಜ್ಯ ನಡೆದದ್ದು ಇಪ್ಪತ್ತೆರಡು ವರ್ಷ. ತೀರ್ಪು ಗೆದ್ದರೂ ಬಾವಿ ಗೆಲ್ಲುವುದು ತಡ.

ಭೋಪಾಲದ ಮಾತು ಹೇಳದೆ ಬಿಡುವ ಹಾಗಿಲ್ಲ. 1984ರ ಡಿಸೆಂಬರಿನ ಆ ರಾತ್ರಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ ಕಾರ್ಖಾನೆಯ ಕೊಳೆ ನೀರು ಒಣಗಿಸಲು ಹೊರಗೆ ಕೊಳಗಳನ್ನು ಕಟ್ಟಿದ್ದರು. ಆ ಕೊಳಗಳಿಂದಲೂ ಆವರಣದ ಗುಂಡಿಗಳಿಂದಲೂ ಅಂತರ್ಜಲ ಕೆಟ್ಟದ್ದು ಅನಿಲದ ಸುದ್ದಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಶೇಖರಿಸಿಟ್ಟಿದ್ದ 337 ಟನ್ ವಿಷ ಕಸವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ, ಅದೇ ವರ್ಷ ಜೂನ್ ಕೊನೆಗೆ ಸುಟ್ಟು ಮುಗಿಸಿದರು. ನಲವತ್ತು ವರ್ಷಕ್ಕೆ ಆದದ್ದು ಗೋದಾಮಿನ ಕಸ ಮಾತ್ರ. ಕೆಟ್ಟ ಮಣ್ಣು 11 ಲಕ್ಷ ಟನ್ ಎಂದು 2010ರಲ್ಲಿ ಸರ್ಕಾರಿ ಸಂಸ್ಥೆಗಳೇ ಅಂದಾಜು ಮಾಡಿದ್ದವು.

ನಮ್ಮೂರ ಜಾಗಕ್ಕೆ ಬಂದರೆ

ಇಷ್ಟೆಲ್ಲ ತಿಳಿದ ಮೇಲೆ ನಾವು ಮತ್ತೆ ಸಭೆಯಲ್ಲಿ ಎದ್ದು ನಿಂತು, ಮೊದಲು ಕೈ ಎತ್ತಿದ್ದು ತಪ್ಪಾಯಿತು ಎಂದು ಹೇಳಿದೆವು. ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಹಾಗೆ ಆಗುತ್ತಿತ್ತು.

ಸೀಸ ಪಾದರಸವಲ್ಲ. ಅದು ಆವಿಯಾಗಿ ಹಾರುವುದಿಲ್ಲ, ಮಣ್ಣಿನ ಮೇಲ್ಪದರದಲ್ಲೇ ಬಹಳ ಕಾಲ ಕೂತಿರುತ್ತದೆ. ಹುಲ್ಲಿನ ಮೇಲೆ ಧೂಳಾಗಿ ಕೂರುತ್ತದೆ. ದನ ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ. ಸೀಸ ಏರಿದ ದನಕ್ಕೆ ಕಣ್ಣು ಕಾಣದಾಗುತ್ತದೆ, ಜೊಲ್ಲು ಸುರಿಸುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ ಎಂದು ಪಶುವೈದ್ಯರು ಹೇಳಿದಾಗ ನಮ್ಮ ಎದೆ ಧಸಕ್ ಎಂದಿತು. ಕಾರ್ಖಾನೆ ನಡೆಯುತ್ತಿದ್ದಾಗ ನಮ್ಮ ಮನೆಯ ಒಂದು ಹಸು ಹಾಗೇ ಗೋಡೆಗೆ ತಲೆ ಒತ್ತಿ ಒತ್ತಿ ಸತ್ತಿತ್ತು. ದೃಷ್ಟಿ ಆಗಿದೆ ಅಂತ ಅವ್ವ ಮೆಣಸಿನಕಾಯಿ ನಿವಾಳಿಸಿದ್ದಳು. ಅದು ಸೀಸವೇ ಎಂದು ಈಗ ನಾವು ಸಾಬೀತು ಮಾಡಲಾರೆವು. ಆದರೆ ಆ ಜಾಗದ ಹುಲ್ಲು ಅದಕ್ಕೆ ಹಾಕುತ್ತಿದ್ದದ್ದು ನಿಜ. ದನ ಉಂಡದ್ದು ಸ್ವಲ್ಪವಾದರೂ ಹಾಲಿಗೆ ಬರುತ್ತದೆ. ಹಾಲು ಕುಡಿಯುವುದು ಮಕ್ಕಳು, ಸೀಸ ಹೆಚ್ಚು ಕೆಡಿಸುವುದೂ ಮಕ್ಕಳ ಮೆದುಳನ್ನೇ.

"ಮಣ್ಣು ಪರೀಕ್ಷೆ ಕಾರ್ಡ್ ಇದೆಯಲ್ಲ, ಒಳ್ಳೇ ಮಣ್ಣು ಅಂತ ಬಂದಿದೆ" ಎಂದು ಕೆಲವರು ಹೇಳಿದರು. 2015ರಿಂದ ಕೊಡುತ್ತಿರುವ ಆ ಕಾರ್ಡಿನಲ್ಲಿ 12 ಅಂಶ ಮಾತ್ರ ನೋಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇತ್ಯಾದಿ. ಬೆಳೆಗೆ ಏನು ಬೇಕು ಎಂದು ಅದು ಹೇಳುತ್ತದೆ. ಮನುಷ್ಯನಿಗೆ ಏನು ಬೇಡ ಎಂದು ಹೇಳುವುದಿಲ್ಲ. ಸೀಸ, ಪಾದರಸಕ್ಕೆ ಬೇರೆ ಪರೀಕ್ಷೆಯೇ ಆಗಬೇಕು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಹೊಸ ನಿಯಮ ತಂದಿದೆ. ಅನುಮಾನ ಇರುವ ಜಾಗಗಳನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಪಟ್ಟಿ ಮಾಡಿ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಬೇಕು, ಕೆಟ್ಟಿದೆ ಎಂದು ಖಾತ್ರಿಯಾದರೆ ಕೆಡಿಸಿದವರಿಂದಲೇ ಖರ್ಚು ವಸೂಲಾಗಬೇಕು. ಸ್ಥಳೀಯ ಸಂಸ್ಥೆ ಎಂದರೆ ನಮ್ಮ ಪಂಚಾಯಿತಿಯೇ. ನಾವು ಬಾಯಿ ಬಿಡದೆ ಇದ್ದರೆ ದೆಹಲಿಯವರಿಗೆ ನಮ್ಮ ಕೆರೆ ಕಾಣುವುದಿಲ್ಲ.

ಆದ್ದರಿಂದ ಸರ್ವ ಸದಸ್ಯರ ಸಭೆಯಲ್ಲಿ ಮೂರು ತೀರ್ಮಾನ ಆಯಿತು. ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಆ ಜಾಗ ಕೊಳ್ಳುವ ಮಾತಿಲ್ಲ. ಜಾಗವನ್ನೂ ಪಕ್ಕದ ಜೌಗನ್ನೂ ಸೇರಿಸಿ ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಗೂ ಮಂಡಳಿಗೂ ಅರ್ಜಿ. ಅಲ್ಲಿಯವರೆಗೆ ಆ ಭಾಗದಲ್ಲಿ ಹುಲ್ಲು ಕೊಯ್ಯುವುದು, ಕೆರೆಗೋಡು ಹೊಡೆಯುವುದು ಬಂದ್.

ಮೂರನೆಯದು ಹೇಳುವಷ್ಟು ಸುಲಭವಲ್ಲ. ಆ ಜೌಗಿನ ಹುಲ್ಲನ್ನೇ ನಂಬಿ ಒಂದೊಂದು ಹಸು ಕಟ್ಟಿದ ಒಂಬತ್ತು ಮನೆಗಳಿವೆ. ಜಮೀನಿಲ್ಲದವರು. "ನಿಮ್ಗೇನು, ಹೊಲದಲ್ಲಿ ಮೇವಿದೆ, ನಮ್ ಹಸ ಏನ್ ತಿನ್ನದು" ಎಂದು ಒಬ್ಬ ತಾಯಿ ಕೇಳಿದ್ದು ನ್ಯಾಯವೇ. ವರದಿ ಬರುವವರೆಗೆ ಆ ಮನೆಗಳಿಗೆ ಸಂಘದಿಂದ ಅರ್ಧ ದರಕ್ಕೆ ರಸಮೇವು ಕೊಡುತ್ತಿದ್ದೇವೆ. ಆ ನಷ್ಟವನ್ನು ಎಲ್ಲ ಸದಸ್ಯರ ಬೋನಸ್ಸಿನಲ್ಲಿ ಹಂಚಿಕೊಂಡಿದ್ದೇವೆ. ಕೆಲವರು ಗೊಣಗಿದರು. ಆದರೂ ಒಪ್ಪಿದರು. ಸಹಕಾರ ಎಂದರೆ ಇದೇ ಅಲ್ಲವೇ?

ಇದನ್ನು ಬರೆಯುವ ಹೊತ್ತಿಗೆ ವರದಿ ಬಂದಿಲ್ಲ. ಏನೂ ಇಲ್ಲ, ಒಳ್ಳೆಯ ಮಣ್ಣೇ ಎಂದು ಬಂದರೆ ನಮ್ಮಷ್ಟು ಸಂತೋಷಪಡುವವರು ಇರಲಾರರು, ಆಗ ಈ ಲೇಖನ ಓದಿ ನಗಬಹುದು. ಕೆಟ್ಟಿದೆ ಎಂದು ಬಂದರೆ ಕೊಡೈಕೆನಾಲ್‌ನವರ ಹಾಗೆ, ಬಿಛ್ರಿಯವರ ಹಾಗೆ ಉದ್ದದ ದಾರಿ. ಒಬ್ಬೊಬ್ಬರೇ ನಡೆಯುವ ದಾರಿ ಅದಲ್ಲ.

ನಮ್ಮ ಹಿರಿಯರು ಕೆರೆ ಕಟ್ಟಿ ಕೊಟ್ಟರು. ನಾವು ಅದರ ಪಕ್ಕ ಕಾರ್ಖಾನೆ ಬಂದಾಗ ಚಪ್ಪಾಳೆ ತಟ್ಟಿದೆವು, ಗಡಿಯಾರ ಇಸಕೊಂಡೆವು. ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಇನ್ನೂ 25 ವರ್ಷ ಇದೆ. ಆ ದಿನ ನಮ್ಮ ಮಕ್ಕಳು ಇದೇ ಜಾಗದ ಬಗ್ಗೆ ಸಂಚಿಕೆಗೆ ಬರೆಯುವಾಗ, ದೊಡ್ಡವರಿಗೆ ಗೊತ್ತಿತ್ತು, ಆದರೂ ಸುಮ್ಮನಿದ್ದರು ಎಂದು ಬರೆಯುವ ಹಾಗೆ ಆಗಬಾರದು.

ಎಲ್ಲ ಸದಸ್ಯರಿಗೂ, ಊರಿನ ಸಮಸ್ತರಿಗೂ, ಹಟ್ಟಿಯ ದನಕರುಗಳಿಗೂ ಒಳ್ಳೆಯದಾಗಲಿ. ಜೈ ಸಹಕಾರ.